‘ಶತಮಾನಗಳ ದ್ವೇಷ’ ಬಿಡಿ, ನಕ್ಷೆಯಿಂದ ಶುರು ಮಾಡಿ

ನಮಸ್ಕಾರ.

ಥಾಯ್ಲೆಂಡ್–ಕಾಂಬೋಡಿಯಾ ಗಡಿ ಜಗಳದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡಬೇಡಿ, ವಿಷಯ ದೊಡ್ಡದು.

‘ರಾಷ್ಟ್ರೀಯತೆ ಎಂದರೇನು’ ಎಂಬ ಮೊದಲ ಎರಡು ಪುಟ ತೆಗೆದುಬಿಡಿ. ‘ಎರಡು ಜನಾಂಗಗಳ ಶತಮಾನಗಳ ದ್ವೇಷ’ ಎಂದು ಪದೇ ಪದೇ ಬರೆದಿದ್ದೀರಿ. ಗಡಿಯ ಥಾಯ್ ಬದಿಯ ಸುರಿನ್, ಸಿಸಾಕೆಟ್ ಪ್ರಾಂತಗಳಲ್ಲಿ ಮನೆಯೊಳಗೆ ಕಾಂಬೋಡಿಯಾದ ಭಾಷೆಯಾದ ಖ್ಮೇರ್ ಮಾತಾಡುವವರು ಲಕ್ಷಗಟ್ಟಲೆ ಇದ್ದಾರೆ. 2025ರ ಜುಲೈನಲ್ಲಿ ಗಡಿ ಕಾಳಗಕ್ಕೆ ಹೆದರಿ ಊರು ಬಿಟ್ಟು ಓಡಿದವರಲ್ಲಿ ಅವರೂ ಸೇರಿದ್ದರು. ಅವರನ್ನು ಯಾವ ಜನಾಂಗಕ್ಕೆ ಸೇರಿಸುತ್ತೀರಿ? ನಿಮ್ಮ ಲೇಖನದಲ್ಲಿ ಅವರಿಲ್ಲ.

ಗಡಿಯಲ್ಲಿರುವ ಪ್ರೇಯ ವಿಹಾರ್ ದೇಗುಲದ ಕತೆಯನ್ನು ನೀವು ಮೂರೇ ಸಾಲಿನಲ್ಲಿ ಮುಗಿಸಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಲೇಖನದ ಜೀವ ಅಲ್ಲೇ ಇದೆ. ಆಗ ಕಾಂಬೋಡಿಯಾ ಫ್ರಾನ್ಸಿನ ಕೈಯಲ್ಲಿತ್ತು; ಫ್ರಾನ್ಸ್ ಮತ್ತು ಸಯಾಂ (ಥಾಯ್ಲೆಂಡಿನ ಹಳೆಯ ಹೆಸರು) ನಡುವಿನ 1904ರ ಒಪ್ಪಂದದ ಪ್ರಕಾರ ಆ ಭಾಗದ ಗಡಿ ಡಾಂಗ್ರೆಕ್ ಬೆಟ್ಟಸಾಲಿನಲ್ಲಿ ನೀರು ಎರಡು ಕಡೆಗೆ ಹರಿದು ಬೇರೆಯಾಗುವ ಗೆರೆಯಲ್ಲಿ ಸಾಗಬೇಕಿತ್ತು. ಆಮೇಲೆ ಫ್ರೆಂಚ್ ಅಧಿಕಾರಿಗಳು ತಯಾರಿಸಿದ ನಕ್ಷೆ ದೇಗುಲವನ್ನು ಕಾಂಬೋಡಿಯಾದೊಳಗೆ ತೋರಿಸಿತು. ಸಯಾಂ ತಕರಾರು ಎತ್ತಲಿಲ್ಲ. ಸಯಾಂನ ರಾಜಕುಮಾರ ದಾಮ್ರೊಂಗ್ ಪ್ರಾಂತಾಧಿಕಾರಿಗಳಿಗೆಂದು ಆ ನಕ್ಷೆಯ ಇನ್ನೂ 15 ಪ್ರತಿ ಕೇಳಿದ. 1930ರಲ್ಲಿ ಅದೇ ದಾಮ್ರೊಂಗ್ ದೇಗುಲ ನೋಡಲು ಹೋದಾಗ ಫ್ರೆಂಚ್ ಅಧಿಕಾರಿ ತನ್ನ ದೇಶದ ಬಾವುಟ ಹಾರಿಸಿಯೇ ಸ್ವಾಗತಿಸಿದ. ಆಗಲೂ ಆಕ್ಷೇಪ ಬರಲಿಲ್ಲ. 1962ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಈ ಮೌನವನ್ನೇ ಒಪ್ಪಿಗೆ ಎಂದು ಎಣಿಸಿ, 9–3 ಬಹುಮತದಿಂದ ದೇಗುಲವನ್ನು ಕಾಂಬೋಡಿಯಾಕ್ಕೆ ಕೊಟ್ಟಿತು. ಅಂದು ಯಾರೂ ತಲೆ ಕೆಡಿಸಿಕೊಳ್ಳದ ಗೆರೆಗಾಗಿ ಇಂದು ಪ್ರಾಣ ಹೋಗುತ್ತಿದೆ. ಈ ಬದಲಾವಣೆ ಹೇಗಾಯಿತು ಎಂಬುದನ್ನು ಓದುಗರಿಗೆ ಹಂತಹಂತವಾಗಿ ತೋರಿಸಿ.

ಅದಕ್ಕೆ ಬೇಕಾದ ಘಟನೆಗಳು ಧಾರಾಳವಾಗಿವೆ. ಕಾಂಬೋಡಿಯಾದ ಪ್ರಾಚೀನ ದೇಗುಲ ಅಂಗ್ಕೋರ್ ಥಾಯ್ಲೆಂಡಿನದು ಎಂದು ಥಾಯ್ ನಟಿಯೊಬ್ಬಳು ಹೇಳಿದಳೆಂಬ ಗಾಳಿಸುದ್ದಿಗೆ 2003ರಲ್ಲಿ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನ ಥಾಯ್ ರಾಯಭಾರ ಕಚೇರಿ ಸುಟ್ಟುಹೋಯಿತು. 2008ರಲ್ಲಿ ಪ್ರೇಯ ವಿಹಾರ್ ಕಾಂಬೋಡಿಯಾದ ಹೆಸರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದೇ ಬ್ಯಾಂಕಾಕ್‌ನಲ್ಲಿ ಸರ್ಕಾರದ ವಿರುದ್ಧ ಆಯುಧವಾಯಿತು. 2025ರ ಫೆಬ್ರುವರಿಯಲ್ಲಿ ಗಡಿಯ ಇನ್ನೊಂದು ವಿವಾದಿತ ಗುಡಿಯಾದ ತಾ ಮುಯೆನ್ ಥೊಮ್‌ನಲ್ಲಿ ಕಾಂಬೋಡಿಯನ್ನರು ತಮ್ಮ ರಾಷ್ಟ್ರಗೀತೆ ಹಾಡಿದರು, ಥಾಯ್ ಸೈನಿಕರು ತಡೆದರು. ಜುಲೈ ಹೊತ್ತಿಗೆ ಅದೇ ಗುಡಿಯ ಬಳಿ ಗುಂಡು ಹಾರಿತು.

ಇನ್ನೊಂದು ಮಾತು. ಪ್ರೇಯ ವಿಹಾರ್ ಶಿವನ ಗುಡಿ, ಆದ್ದರಿಂದ ‘ಮೂಲತಃ ನಮ್ಮದು’ ಎಂದು ಕೊನೆಯಲ್ಲಿ ಬರೆದಿದ್ದೀರಿ. ನೀವು ಖಂಡಿಸಲು ಹೊರಟಿದ್ದೂ ಇಂಥದೇ ಹಕ್ಕುದಾರಿಕೆಯನ್ನಲ್ಲವೇ? ಆ ಪ್ಯಾರಾ ಹೋಗಲೇಬೇಕು.

ಸುರಿನ್‌ನ ಖ್ಮೇರ್ ಭಾಷಿಕರ ಬಗ್ಗೆ ಇನ್ನಷ್ಟು ಓದಿ, ಅವರಿಗೆ ಲೇಖನದ ಮಧ್ಯದಲ್ಲಿ ಜಾಗ ಕೊಟ್ಟು, ತಿದ್ದಿದ ಪ್ರತಿಯನ್ನು ತಿಂಗಳೊಳಗೆ ಕಳಿಸಿ. ನಾನೇ ಓದುತ್ತೇನೆ.

ಸಂಪಾದಕ