ಬಾಲಚಕ್ರದ ವಿಮಾನ: ನಿಮ್ಮ ಲೇಖನ ಕುರಿತು

ಪ್ರಿಯ ಲೇಖಕರೇ,

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರಿನಲ್ಲಿ ಬಾಲಚಕ್ರದ ವಿಮಾನಗಳನ್ನು, ಅಂದರೆ ಟೇಲ್‌ಡ್ರ್ಯಾಗರ್‌ಗಳನ್ನು, ನೆಲದ ಮೇಲೆ ನಡೆಸುವ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಈ ವಿಷಯ ಕನ್ನಡದಲ್ಲಿ ಬರಬೇಕೆಂಬ ಆಸೆ ನನಗೂ ಇರುವುದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ರೈಟ್ ಸಹೋದರರಿಂದ ಆರಂಭವಾಗುವ ಮೊದಲ ಪುಟವನ್ನು ಪೂರ್ತಿ ಕೈಬಿಡಿ. ಇತಿಹಾಸ ಬೇಕೇ ಬೇಕೆನಿಸಿದರೆ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1951ರಲ್ಲಿ ಮೊದಲ ಬಾರಿ ಹಾರಿದ ಎಚ್‌ಟಿ-2 ತರಬೇತಿ ವಿಮಾನಕ್ಕೂ ಬಾಲಚಕ್ರವೇ ಇತ್ತೆಂಬ ಒಂದು ವಾಕ್ಯ ಸಾಕು.

ನಿಮ್ಮ ಲೇಖನವನ್ನು ಹುಡುಕಿಕೊಂಡು ಬರುವವರು, ಪೈಪರ್ ಕಬ್ ಎಂಬ ಪುಟ್ಟ ಬಾಲಚಕ್ರದ ವಿಮಾನ ರನ್‌ವೇ ಬಿಟ್ಟು ಗಿರಕಿ ಹೊಡೆದದ್ದನ್ನು ಕಂಡು ಕಂಗೆಟ್ಟವರು. ಅವರಿಗೆ ಮೊದಲು ಬೇಕಾದದ್ದು ಹಾಗೇಕಾಯಿತು ಎಂಬ ವಿವರಣೆ. ನೀವು ಕೊಟ್ಟಿರುವುದು ಯಾವ ಕೀ ಒತ್ತಬೇಕೆಂಬ ಪಟ್ಟಿ. ಈ ವಿಮಾನಗಳಲ್ಲಿ ಗುರುತ್ವಕೇಂದ್ರವು ಮುಖ್ಯ ಚಕ್ರಗಳ ಹಿಂದಿರುತ್ತದೆ. ಮೂತಿ ತುಸು ಎಡಕ್ಕೆ ಹೊರಳಿದರೂ, ಹಿಂದಿನ ಭಾರವು ತಾನು ಸಾಗುತ್ತಿದ್ದ ದಿಕ್ಕಿನಲ್ಲೇ ಮುಂದುವರಿಯಲು ನೋಡಿ ಬಾಲವನ್ನು ಹೊರಕ್ಕೆ ದೂಡುವುದರಿಂದ, ತಿರುವು ತನ್ನಿಂದ ತಾನೇ ಬಿಗಿಯಾಗುತ್ತ ಹೋಗುತ್ತದೆ. ಮೂಗಿನಡಿ ಚಕ್ರವಿರುವ ಸೆಸ್ನಾ 172ರಲ್ಲಿ ಗುರುತ್ವಕೇಂದ್ರ ಮುಖ್ಯ ಚಕ್ರಗಳಿಗಿಂತ ಮುಂದಿದೆ. ಅಲ್ಲಿ ಇದೇ ಜಡತ್ವ ವಿಮಾನವನ್ನು ನೇರಕ್ಕೆ ತರುತ್ತದೆ. ಇಷ್ಟನ್ನು ಮೊದಲೇ ಹೇಳಿದ್ದರೆ, ರಡ್ಡರಿನ (ಬಾಲದಲ್ಲಿ ಎಡಬಲಕ್ಕೆ ಹೊರಳುವ ನಿಂತ ಹಲಗೆಯ) ಪೆಡಲನ್ನು ಬೇಗನೆ, ಸಣ್ಣ ಪ್ರಮಾಣದಲ್ಲಿ ಒತ್ತಿ ಕೂಡಲೇ ಸಡಿಲಿಸಬೇಕೆಂಬ ನಿಮ್ಮ ಒಳ್ಳೆಯ ಸಲಹೆಗೆ ಆಧಾರ ಸಿಗುತ್ತಿತ್ತು.

ಥ್ರಾಟಲ್ ಕೊಟ್ಟು ಎಂಜಿನ್ನಿನ ಬಲ ಹೆಚ್ಚಿಸಿದೊಡನೆ ವಿಮಾನ ಎಡಕ್ಕೆ ಸೆಳೆಯುವುದನ್ನು ನೀವು ಸಿಮ್ಯುಲೇಟರಿನ ದೋಷವೆಂದು ಕರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಪೈಲಟ್ ಕುಳಿತಲ್ಲಿಂದ ನೋಡಿದಾಗ ಪ್ರೊಪೆಲ್ಲರ್ ಬಲಸುತ್ತಾಗಿ ತಿರುಗಿದರೆ, ಅದು ಹಿಂದಕ್ಕೆಸೆಯುವ ಗಾಳಿ ಸುತ್ತಿ ಬಂದು ಬಾಲದ ಎಡಬದಿಗೆ ಬಡಿದು ಮೂತಿಯನ್ನು ಎಡಕ್ಕೆ ಹೊರಳಿಸುತ್ತದೆ. ಬಾಲ ಮೇಲೇಳುವ ಹೊತ್ತಿನಲ್ಲಿ ಪ್ರೊಪೆಲ್ಲರಿನ ಗೈರೋ ಪರಿಣಾಮವೂ (ತಿರುಗುತ್ತಿರುವ ವಸ್ತುವನ್ನು ವಾಲಿಸಿದರೆ ಅದು ಪಕ್ಕಕ್ಕೆ ಹೊರಳುವ ಗುಣ) ಮೂತಿಯನ್ನು ಎಡಕ್ಕೇ ತಳ್ಳುತ್ತದೆ. ಮರ್ಲಿನ್ ಎಂಜಿನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನ ಎಡಕ್ಕೆ ಸೆಳೆದರೆ, ಪ್ರೊಪೆಲ್ಲರ್ ಎದುರು ದಿಕ್ಕಿಗೆ ತಿರುಗುವ ಗ್ರಿಫನ್ ಎಂಜಿನ್ನಿನ ಸ್ಪಿಟ್‌ಫೈರ್ ಬಲಕ್ಕೆ ಸೆಳೆಯುತ್ತದೆ. ಓದುಗರು ತಾವೇ ಪರೀಕ್ಷಿಸಿ ನೋಡಬಹುದಾದ ಇಂಥ ಸಂಗತಿಯನ್ನು ಬಿಟ್ಟು, ಸೆಟ್ಟಿಂಗಿನಲ್ಲಿ ಈ ಸೆಳೆತವನ್ನೇ ನಿಲ್ಲಿಸಿಬಿಡಿ ಎಂದು ಬರೆದದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಸ್ಟಿಕ್ಕನ್ನು, ಅಂದರೆ ಕೈಯಲ್ಲಿ ಹಿಡಿಯುವ ನಿಯಂತ್ರಣ ಕೋಲನ್ನು, ಸದಾ ಹಿಂದಕ್ಕೆಳೆದಿರಬೇಕು ಎಂಬ ಮಾತನ್ನೂ ತಿದ್ದಬೇಕು. ಎದುರುಗಾಳಿಯಲ್ಲಿ ಅದು ಸರಿ. ಗಾಳಿ ಹಿಂದಿನಿಂದ ಜೋರಾಗಿ ಬೀಸುತ್ತಿದ್ದರೆ ಸ್ಟಿಕ್ ಹಿಂದಿದ್ದಾಗ ಮೇಲೆದ್ದಿರುವ ಎಲಿವೇಟರಿನ (ಬಾಲದ ಅಡ್ಡ ಹಲಗೆಯ) ಅಡಿಗೆ ನುಗ್ಗಿ ಬಾಲವನ್ನು ಎತ್ತಬಹುದಾದ್ದರಿಂದ, ಆಗ ಸ್ಟಿಕ್ಕನ್ನು ಮುಂದಕ್ಕೆ ಹಿಡಿಯಬೇಕು. ಬ್ರೇಕನ್ನು ಜೋರಾಗಿ ಒತ್ತಲು ಹೇಳುವುದಂತೂ ಬೇಡ. ವಿಮಾನ ಮೂತಿ ಕುಕ್ಕುತ್ತದೆ.

ಎಲ್ಲ ಬಾಲಚಕ್ರಗಳೂ ಒಂದೇ ಎಂಬಂತೆ ಬರೆದಿದ್ದೀರಿ. ಕಬ್‌ನ ಚಕ್ರ ರಡ್ಡರಿನೊಡನೆ ತಿರುಗುತ್ತದೆ. ಸ್ಪಿಟ್‌ಫೈರಿನದು ಸ್ವತಂತ್ರವಾಗಿ ಹೊರಳುವುದರಿಂದ ಅಲ್ಲಿ ತಿರುಗಲು ಎಡಬಲದ ಬ್ರೇಕುಗಳನ್ನು ಬೇರೆಬೇರೆಯಾಗಿ ಹಾಕುವುದೇ ಗತಿ. ಪಿ-51ಡಿ ಮಸ್ಟಾಂಗ್ ಯುದ್ಧವಿಮಾನದಲ್ಲಿ ಸ್ಟಿಕ್ ಹಿಂದಿದ್ದರೆ ಚಕ್ರವು ರಡ್ಡರಿಗೆ ಅಂಟಿಕೊಂಡು ಎರಡೂ ಕಡೆಗೆ ಸುಮಾರು 6 ಡಿಗ್ರಿ ಮಾತ್ರ ತಿರುಗುತ್ತದೆ, ಮುಂದಕ್ಕೆ ತಳ್ಳಿದರೆ ಬಿಡುಗಡೆಯಾಗುತ್ತದೆ.

ಎತ್ತರದ ಮೂತಿ ಮುಂದಿನ ದಾರಿಯನ್ನು ಮರೆಮಾಡುವುದರಿಂದ ಹಾವಿನಂತೆ ಬಳುಕುತ್ತ ಸಾಗಬೇಕೆಂದು ವಿವರಿಸುವ ಭಾಗ ಚೆನ್ನಾಗಿದೆ. ಅದರ ಒಂದಕ್ಷರವನ್ನೂ ಮುಟ್ಟಬೇಡಿ. ಸಿಮ್ಯುಲೇಟರಿಗೆಂದು ಕಾಲಿನ ಪೆಡಲ್ ಕೊಳ್ಳಲಾಗದವರಿಗಾಗಿ, ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್ ಸಿಮ್ಯುಲೇಟರಿನಲ್ಲಿ ಅಲ್ಪವಿರಾಮದ ಕೀ ಎಡಬ್ರೇಕ್, ಪೂರ್ಣವಿರಾಮದ ಕೀ ಬಲಬ್ರೇಕ್ ಎಂಬುದನ್ನೂ ಸೇರಿಸಿ. ತಿದ್ದುವಾಗ ಕಬ್ ಒಂದನ್ನೇ ಆರಿಸಿಕೊಂಡು, ನಿಲುಗಡೆಯಿಂದ ರನ್‌ವೇ ತುದಿಯವರೆಗಿನ ನಡಿಗೆಯನ್ನು ಮೊದಲು ಬರೆದು ನನಗೆ ಕಳುಹಿಸಿ.

ಇಂತಿ,
ಸಂಪಾದಕ