ಮೈದಾನದ ಮೇಷ್ಟ್ರು: ಬೇಬ್ ರೂತ್ ಮೇಲೋ, ಓಟಾನಿ ಮೇಲೋ?

(ಶಿವಮೊಗ್ಗದ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಓದುಗರ ಕ್ರೀಡಾ ಪ್ರಶ್ನೆಗಳಿಗೆ ಉತ್ತರಿಸುವ ಅಂಕಣ)

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ಮಗ ಲಾಸ್ ಏಂಜಲೀಸ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಬಂದವನಿಗೆ ಮೂರು ಹೊತ್ತೂ ಬೇಸ್‌ಬಾಲ್ ಆಟಗಾರ ಶೋಹೆ ಓಟಾನಿಯದೇ ಜಪ. ಚೆಂಡು ಎಸೆಯುವುದರಲ್ಲೂ ಹೊಡೆಯುವುದರಲ್ಲೂ ಅವನಂಥವನು ಹುಟ್ಟೇ ಇಲ್ಲವಂತೆ. ನಮ್ಮ ಭಾವ ಮಾತ್ರ, ನೂರು ವರ್ಷದ ಹಿಂದೆಯೇ ಬೇಬ್ ರೂತ್ ಇದೆಲ್ಲ ಮಾಡಿ ಮುಗಿಸಿದ್ದ ಎನ್ನುತ್ತಾರೆ. ಜಗಲಿಯ ಮೇಲೆ ದಿನಾ ಪಂಚಾಯ್ತಿಗೆ. ಯಾರ ಮಾತು ಸರಿ?
— ಓದುಗರೊಬ್ಬರು, ಹೊಸನಗರ

ಉತ್ತರ: ಮಗನ ಕಡೆಗೆ ನನ್ನ ಓಟು. ರೂತ್ ದೊಡ್ಡ ಆಟಗಾರ ಎಂಬುದರಲ್ಲಿ ತಕರಾರಿಲ್ಲ ಮಾರಾಯ್ರೆ. ಆದರೆ ಎರಡೂ ಕೆಲಸವನ್ನು ಒಟ್ಟಿಗೆ ಎಷ್ಟು ಕಾಲ ಮಾಡಿದ ಅಂತ ಭಾವನವರನ್ನು ಕೇಳಿ ನೋಡಿ.

ರೂತ್ 1914ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಸೇರಿದ್ದು ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವವನಾಗಿ. ಎಂಥ ಪಿಚರ್! 1916ರಲ್ಲಿ ಪಿಚರ್ ಆಗಿ ಅವನ ಹೆಸರಿಗೆ 23 ಗೆಲುವು. ಫೀಲ್ಡರುಗಳ ತಪ್ಪಿನಿಂದ ಬಂದದ್ದನ್ನು ಬಿಟ್ಟು, ಒಂಬತ್ತು ಇನಿಂಗ್ಸಿಗೆ ಅವನು ಬಿಟ್ಟುಕೊಟ್ಟ ರನ್ನಿನ ಸರಾಸರಿ 1.75, ಅಲ್ಲಿನ ಎರಡು ಮೇಜರ್ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲೇ ಆ ವರ್ಷ ಅತಿ ಕಡಿಮೆ. ಮರುವರ್ಷ 24 ಗೆಲುವು, ತಾನು ಶುರು ಮಾಡಿದ 38 ಪಂದ್ಯಗಳಲ್ಲಿ 35ನ್ನು ತಾನೇ ಕೊನೆಯವರೆಗೂ ಎಸೆದು ಮುಗಿಸಿದ. ಆದರೆ ಆಗ ಅವನು ಬ್ಯಾಟ್ ಹಿಡಿಯುತ್ತಿದ್ದದ್ದು ಹೆಚ್ಚಾಗಿ ತಾನು ಎಸೆಯುವ ದಿನ ಮಾತ್ರ. ಇನ್ನು ನಾವೆಲ್ಲ ಕೇಳಿರುವ ರೂತ್, ಅಂದರೆ 1920ರಲ್ಲಿ 54, 1927ರಲ್ಲಿ 60, ವೃತ್ತಿಜೀವನದಲ್ಲಿ ಒಟ್ಟು 714 ಹೋಮ್‌ರನ್ (ಸಾಮಾನ್ಯವಾಗಿ ಚೆಂಡು ಬೇಲಿ ದಾಟುವ ಹೊಡೆತ) ಹೊಡೆದವನು, ನ್ಯೂಯಾರ್ಕ್ ಯಾಂಕೀಸ್ ತಂಡದ ಹೊಡೆತಗಾರ. ಯಾಂಕೀಸ್‌ನಲ್ಲಿ ಕಳೆದ ಹದಿನೈದು ಸೀಸನ್‌ಗಳಲ್ಲಿ ಅವನು ಪಿಚ್ ಮಾಡಿದ್ದು ಐದೇ ಪಂದ್ಯದಲ್ಲಿ. ಐದನ್ನೂ ಗೆದ್ದ ಎಂಬುದು ಬೇರೆ ಮಾತು.

ಎರಡೂ ನಿಜವಾಗಿ ಕೂಡಿದ್ದು 1918 ಮತ್ತು 1919ರಲ್ಲಿ. ಮೊದಲ ವರ್ಷ 13 ಗೆಲುವು, 11 ಹೋಮ್‌ರನ್. ಹನ್ನೊಂದು ಅಂದರೆ ನಗಬೇಡಿ, ಆ ವರ್ಷ ಲೀಗ್‌ನಲ್ಲಿ ಅದಕ್ಕಿಂತ ಹೆಚ್ಚು ಯಾರೂ ಹೊಡೆಯಲಿಲ್ಲ. ಎರಡನೇ ವರ್ಷ 29 ಹೋಮ್‌ರನ್, ಅಲ್ಲಿಯವರೆಗಿನ ದಾಖಲೆ. ಜೊತೆಗೆ 9 ಗೆಲುವು. ಅಲ್ಲಿಗೆ ಮುಗಿಯಿತು.

ಓಟಾನಿಯ ಲೆಕ್ಕ ನೋಡಿ. 2021ರಲ್ಲಿ 46 ಹೋಮ್‌ರನ್, 9 ಗೆಲುವು. 2022ರಲ್ಲಿ 34 ಹೋಮ್‌ರನ್, 15 ಗೆಲುವು, 219 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಬ್ಯಾಟರನ್ನು ಔಟ್ ಮಾಡುವುದು). 2023ರಲ್ಲಿ 44 ಮತ್ತು 10. ಇದಕ್ಕೂ ಮುಂಚೆ ಜಪಾನಿನ ನಿಪ್ಪಾನ್ ಹ್ಯಾಮ್ ತಂಡದಲ್ಲಿ 2016ರಲ್ಲಿ 22 ಹೋಮ್‌ರನ್, 10 ಗೆಲುವು. ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ 2024ರಲ್ಲಿ ಪಿಚ್ ಮಾಡಲಿಲ್ಲ. ಸುಮ್ಮನೆ ಕೂರುವ ಬದಲು 54 ಹೋಮ್‌ರನ್ ಹೊಡೆದು 59 ಬೇಸ್ ಕದ್ದ, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಮುಟ್ಟಿದ. 2025ರ ದೀಪಾವಳಿಗೆ ಮುಂಚಿನ ಶನಿವಾರ ಬೆಳಗ್ಗೆ, ಅವರಿಗೆ ಅದು ಶುಕ್ರವಾರ ಸಂಜೆ, ನಾನು ಕಾಫಿ ಲೋಟ ಹಿಡಿದು ಮೊಬೈಲಿನಲ್ಲಿ ನೋಡುತ್ತಿದ್ದೆ. ಮಿಲ್ವಾಕಿ ವಿರುದ್ಧ ಮೊದಲ ಇನಿಂಗ್ಸಿನಲ್ಲಿ ಮೂವರನ್ನು ಸ್ಟ್ರೈಕ್‌ಔಟ್ ಮಾಡಿ ಬಂದವನು ಕೂಡಲೇ ಹೆಲ್ಮೆಟ್ ಹಾಕಿಕೊಂಡು ಹೋಗಿ ಹೋಮ್‌ರನ್ ಹೊಡೆದ. ಪಂದ್ಯ ಮುಗಿಯುವಷ್ಟರಲ್ಲಿ ಮೂರು ಹೋಮ್‌ರನ್, ಹತ್ತು ಸ್ಟ್ರೈಕ್‌ಔಟ್, ಎಸೆದಷ್ಟೂ ಹೊತ್ತು ಎದುರಾಳಿಗೆ ಒಂದೂ ರನ್ ಇಲ್ಲ. ಅವನ ತಂಡ ಲಾಸ್ ಏಂಜಲೀಸ್ ಡಾಡ್ಜರ್ಸ್ ವಿಶ್ವ ಸರಣಿಗೆ, ಅಂದರೆ ಸೀಸನ್ನಿನ ಅಂತಿಮ ಸರಣಿಗೆ, ಹೋಗಿದ್ದು ಆ ಪಂದ್ಯ ಗೆದ್ದೇ. ಕಾಫಿ ಆರಿ ತಣ್ಣಗಾಗಿತ್ತು ಅಂತ ಬೇರೆ ಹೇಳಬೇಕೆ.

ಕಾಲ ಬೇರೆಯಲ್ಲವೇ ಎಂದು ಭಾವನವರು ಕೇಳುತ್ತಾರೆ, ಕೇಳಲಿ. ರೂತ್‌ನ ಬಾಸ್ಟನ್ ದಿನಗಳಲ್ಲಿ ಒಂದೇ ಚೆಂಡು ಮಣ್ಣು, ಎಂಜಲು ಮೆತ್ತಿಕೊಂಡು ಮೆತ್ತಗಾಗುವವರೆಗೂ ಆಡುತ್ತಿದ್ದರು. ದೂರ ಹೊಡೆಯುವುದೇ ಕಷ್ಟ. 1920ರಲ್ಲಿ ಚೆಂಡಿಗೆ ಎಂಜಲು ಹಚ್ಚುವುದನ್ನು ನಿಷೇಧಿಸಿದರು. ಅದೇ ಆಗಸ್ಟಿನಲ್ಲಿ ಕ್ಲೀವ್‌ಲ್ಯಾಂಡಿನ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ಸತ್ತ ಮೇಲೆ ಕೊಳೆಯಾದ ಚೆಂಡನ್ನು ಬೇಗ ಬೇಗ ಬದಲಿಸತೊಡಗಿದರು. ಪರಿಸ್ಥಿತಿ ಎಲ್ಲರಿಗೂ ಒಂದೇ ಇದ್ದಾಗಲೂ ಆ ವರ್ಷ ರೂತ್ ಒಬ್ಬನೇ ಹೊಡೆದ ಹೋಮ್‌ರನ್ ಅಮೆರಿಕನ್ ಲೀಗಿನ ಬೇರೆ ಯಾವ ಇಡೀ ತಂಡಕ್ಕೂ ಸಿಗಲಿಲ್ಲ. ತನ್ನ ಕಾಲದವರಿಗಿಂತ ಎಷ್ಟು ಎತ್ತರದಲ್ಲಿದ್ದ ಎಂಬ ಅಳತೆಯಲ್ಲಿ, ಬರೀ ಬ್ಯಾಟಿಂಗಿಗೆ, ರೂತ್ ಮುಂದೆ ಓಟಾನಿಯೂ ಒಂದು ಮೆಟ್ಟಿಲು ಕೆಳಗೇ. ಇನ್ನೊಂದು ಕಡೆ ಓಟಾನಿಗೆ ಹೆಚ್ಚುಕಡಿಮೆ ವಾರಕ್ಕೊಮ್ಮೆ ಪಿಚಿಂಗ್, ಎರಡು ಸಲ ಮೊಣಕೈ ದುರಸ್ತಿ, ಮೇಲಿಂದ 2022ರಲ್ಲಿ ಒಂದು ಹೊಸ ನಿಯಮ: ಪಿಚರ್ ಮೌಂಡಿನಿಂದ (ಎಸೆಯುವ ದಿಬ್ಬದಿಂದ) ಇಳಿದ ಮೇಲೂ ಬ್ಯಾಟರ್ ಆಗಿ ಉಳಿಯಬಹುದು. ಅದಕ್ಕೆ ಜನ ಓಟಾನಿ ನಿಯಮ ಅಂತಲೇ ಹೆಸರಿಟ್ಟರು. ರೂತ್‌ಗೆ ಇಷ್ಟು ಉಪಚಾರ ಇರಲಿಲ್ಲ, ಒಪ್ಪುತ್ತೇನೆ.

ಆದರೆ ಮೇಜರ್ ಲೀಗ್ ಪಂದ್ಯಗಳಲ್ಲಿ ರೂತ್ ಕಪ್ಪು ಆಟಗಾರರನ್ನು ಎದುರಿಸಲೇ ಇಲ್ಲ. ಅವರಿಗೆ 1947ರಲ್ಲಿ ಜಾಕಿ ರಾಬಿನ್ಸನ್ ಬರುವವರೆಗೆ ಆ ಲೀಗ್‌ಗಳ ಬಾಗಿಲು ಮುಚ್ಚಿತ್ತು. ಓಟಾನಿ ಇಡೀ ಜಗತ್ತಿನ ಪಿಚರ್‌ಗಳ ಮುಂದೆ ನಿಲ್ಲುತ್ತಾನೆ. ಒಬ್ಬ ದಣಿದರೆ ಗಂಟೆಗೆ ನೂರೈವತ್ತು ಕಿಲೋಮೀಟರ್ ದಾಟಿಸುವ ಇನ್ನೊಬ್ಬ ತಾಜಾ ಬರುತ್ತಾನೆ.

ಈ ಜಗಳದಲ್ಲಿ ನಿಮ್ಮ ಜಗಲಿಯವರು ಮರೆತ ಮೂರನೆಯವನೊಬ್ಬನಿದ್ದಾನೆ. ಬುಲೆಟ್ ರೋಗನ್. ಕುಳ್ಳ ಮನುಷ್ಯ, ಹವಾಯಿಯಲ್ಲಿ ಅಮೆರಿಕದ ಸೈನ್ಯದಲ್ಲಿದ್ದು 25ನೇ ಪದಾತಿದಳದ ತಂಡಕ್ಕೆ ಆಡುತ್ತಿದ್ದ. 1920ರಲ್ಲಿ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ಸೇರುವ ಹೊತ್ತಿಗೆ ವಯಸ್ಸು ಇಪ್ಪತ್ತಾರು ದಾಟಿತ್ತು. ಪಿಚ್ ಮಾಡುವ ದಿನ ತಂಡದ ಮುಖ್ಯ ಪಿಚರ್, ಮಾಡದ ದಿನ ಸೆಂಟರ್ ಫೀಲ್ಡ್, ಬ್ಯಾಟಿಂಗಿನಲ್ಲಿ ಆಗಾಗ ನಾಲ್ಕನೇ ಜಾಗ, ಅಂದರೆ ತಂಡದ ಅತಿ ಬಲವಾದ ಹೊಡೆತಗಾರನಿಗೆ ಕೊಡುವ ಜಾಗ. ಕಪ್ಪು ಆಟಗಾರರಿಗೇ ಬೇರೆಯಾಗಿದ್ದ ನೀಗ್ರೋ ಲೀಗ್‌ಗಳ ತಂಡಗಳಲ್ಲಿ ಆಟಗಾರರೇ ಕಡಿಮೆ, ವಿಶ್ರಾಂತಿ ಕೇಳುವ ಹಾಗಿಲ್ಲ. ಹಗಲೆಲ್ಲ ಅಡಿಕೆ ಮರ ಹತ್ತಿ ಕೊನೆ ಇಳಿಸಿದವನೇ ರಾತ್ರಿ ಸುಲಿಯಲೂ ಕೂತ ಹಾಗೆ. 1925ರಲ್ಲಿ ಮನೆಯಲ್ಲಿ ಮಗುವಿನ ಜೊತೆ ಆಡುವಾಗ ಕಾಲಿಗೆ ಸೂಜಿ ಚುಚ್ಚಿಕೊಂಡು ವಿಶ್ವ ಸರಣಿ ತಪ್ಪಿಸಿಕೊಂಡ, ಮೊನಾರ್ಕ್ಸ್ ಸೋತರು. ಅವನು ತೀರಿಕೊಂಡದ್ದು 1967ರಲ್ಲಿ, ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡದ್ದು 1998ರಲ್ಲಿ. 1920ರಿಂದ 1948ರವರೆಗಿನ ಆ ಲೀಗ್‌ಗಳೂ ಮೇಜರ್ ಲೀಗ್‌ಗಳೇ ಎಂದು ಒಪ್ಪಿದ್ದು 2020ರ ಡಿಸೆಂಬರ್‌ನಲ್ಲಿ. ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸುವಾಗ 2024 ಬಂದಿತ್ತು.

ಆದ್ದರಿಂದ ನನ್ನ ಸಾಲು ಇದು: ಎರಡೂ ಕೆಲಸಕ್ಕೆ ಓಟಾನಿ, ಆಮೇಲೆ ರೋಗನ್, ಮೂರನೆಯವನು ರೂತ್. ಬ್ಯಾಟಿಂಗಿಗೆ ಮಾತ್ರ ಕೇಳಿದರೆ ರೂತ್‌ನನ್ನು ಮೇಲೆ ಕೂರಿಸಿ, ಭಾವನವರಿಗೆ ಒಂದು ಎಲೆ ಅಡಿಕೆ ಕೊಡಿ.

ಪ್ರಶ್ನೆ: ಅಷ್ಟು ಒಳ್ಳೆ ಪಿಚರ್ ಆಗಿದ್ದರೆ ರೂತ್ ಬಿಟ್ಟದ್ದೇಕೆ ಸರ್?
— ಕಾಲೇಜು ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಸುಸ್ತು, ತಮ್ಮಾ. ಜೊತೆಗೆ ದುಡ್ಡು. ಮಹಾಯುದ್ಧಕ್ಕೆ ಆಟಗಾರರು ಹೋಗಿ ತಂಡ ಸೊರಗಿದಾಗ 1918ರಲ್ಲಿ ಮ್ಯಾನೇಜರ್ ಎಡ್ ಬ್ಯಾರೋ ಇವನನ್ನು ಔಟ್‌ಫೀಲ್ಡಿಗೂ ಇಳಿಸಿದ. ಹೊಡೆಯುವ ರುಚಿ ಹತ್ತಿದ ಮೇಲೆ ಇವನಿಗೆ ಪಿಚಿಂಗ್ ಬೇಡವಾಯಿತು. ಬ್ಯಾರೋ ಜೊತೆ ಜಗಳವಾಡಿ ಜುಲೈನಲ್ಲಿ ತಂಡವನ್ನೇ ಬಿಟ್ಟು, ಹಡಗು ಕಟ್ಟುವ ಕಾರ್ಖಾನೆಯ ತಂಡಕ್ಕೆ ಹೊರಟುಹೋಗಿದ್ದ. ಕೆಲವೇ ದಿನಕ್ಕೆ ವಾಪಸ್ ಬಂದ ಅನ್ನು. ಪಿಚರ್ ನಾಲ್ಕು ದಿನಕ್ಕೊಮ್ಮೆ ಬರುತ್ತಾನೆ, ಹೋಮ್‌ರನ್ ಹೊಡೆಯುವವನನ್ನು ನೋಡಲು ಜನ ದಿನಾ ಟಿಕೆಟ್ ಕೊಳ್ಳುತ್ತಾರೆ. ಯಾಂಕೀಸ್‌ಗೆ ಈ ಲೆಕ್ಕ ಬೇಗ ಅರ್ಥವಾಯಿತು.

ಪ್ರಶ್ನೆ: ಕ್ರಿಕೆಟ್‌ನ ಆಲ್‌ರೌಂಡರ್‌ಗಳು ಇದನ್ನು ಎಂದಿನಿಂದಲೋ ಮಾಡುತ್ತಿದ್ದಾರೆ. ಇದರಲ್ಲಿ ಹೊಸತೇನಿದೆ?
— ಓದುಗರೊಬ್ಬರು, ಭದ್ರಾವತಿ

ಉತ್ತರ: ಕ್ರಿಕೆಟ್ಟಿನಲ್ಲಿ ಹನ್ನೊಂದನೆಯವನೂ ಪ್ಯಾಡ್ ಕಟ್ಟಲೇಬೇಕು, ಆದ್ದರಿಂದ ಬೌಲರ್ ನೆಟ್ಸ್‌ನಲ್ಲಿ ಬ್ಯಾಟ್ ಮುಟ್ಟುತ್ತಲೇ ಇರುತ್ತಾನೆ. ಬೇಸ್‌ಬಾಲ್‌ನಲ್ಲಿ ಅಮೆರಿಕನ್ ಲೀಗ್ 1973ರಲ್ಲೇ ಪಿಚರ್ ಬದಲು ಬೇರೊಬ್ಬ ಬ್ಯಾಟ್ ಮಾಡಬಹುದು ಎಂದಿತು, 2022ರಿಂದ ಎರಡೂ ಲೀಗ್‌ಗಳಲ್ಲಿ ಅದೇ ನಿಯಮ. ಪಿಚರ್ ಬ್ಯಾಟ್ ಹಿಡಿಯುವ ಪದ್ಧತಿಯೇ ಹೋದ ಕಾಲದಲ್ಲಿ ಓಟಾನಿ ಹಿಡಿದಿದ್ದಾನೆ.

ಕಾಲ ಕಾಲದ ಹೋಲಿಕೆಗೆ ಕ್ರಿಕೆಟ್ಟಿನಲ್ಲಿ ಒಂದು ಸುಲಭ ದಾರಿ ಇದೆ: ಬ್ಯಾಟಿಂಗ್ ಸರಾಸರಿಯಿಂದ ಬೌಲಿಂಗ್ ಸರಾಸರಿ ಕಳೆಯುವುದು. ಸೋಬರ್ಸ್ 57.78ರಲ್ಲಿ 34.03 ಕಳೆದರೆ 23.75. ಕಾಲಿಸ್ 55.37ರಲ್ಲಿ 32.65 ಕಳೆದರೆ 22.72. ಹತ್ತಿರ ಹತ್ತಿರ. ಆದರೂ ಸೋಬರ್ಸ್ ವೇಗವನ್ನೂ ಎರಡು ಬಗೆಯ ಸ್ಪಿನ್ನನ್ನೂ ಎಸೆಯುತ್ತಿದ್ದದ್ದು ಈ ಕಳೆಯುವ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ನಿಮ್ಮೂರಿನ ಗುಂಡಪ್ಪ ವಿಶ್ವನಾಥ್ 91 ಟೆಸ್ಟ್ ಆಡಿ ತೆಗೆದದ್ದು ಒಂದೇ ವಿಕೆಟ್. ಅದಕ್ಕಾಗಿ ಯಾರೂ ಆ ಸ್ಕ್ವೇರ್ ಕಟ್ಟಿನ ಬೆಲೆ ಇಳಿಸಲಿಲ್ಲವಲ್ಲ.

ಪ್ರಶ್ನೆ: ಸರ್, ನಾನು ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿ ಪಿಚರ್. ಬ್ಯಾಟಿಂಗೂ ಚೆನ್ನಾಗಿ ಬರುತ್ತದೆ. ಒಂದನ್ನು ಬಿಡು ಎನ್ನುತ್ತಾರೆ. ಬಿಡಲೇ?
— ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಶಿಕಾರಿಪುರ

ಉತ್ತರ: ಬಿಡಬೇಡ ಮಗಳೇ, ಈ ವಯಸ್ಸಿಗಂತೂ ಬೇಡ. ಬೇಸ್‌ಬಾಲ್ ಪಿಚರ್ 18.44 ಮೀಟರ್ ದೂರದಿಂದ ಕೈ ಮೇಲೆತ್ತಿ ಎಸೆಯುತ್ತಾನೆ, ಮೊಣಕೈ ಹೋಗುವುದು ಅಲ್ಲೇ. ನಿನ್ನದು ಕೆಳಗಿನಿಂದ ಬೀಸುವ ಎಸೆತ. ಹಾಗೆಂದು ನೋವೇ ಬರುವುದಿಲ್ಲ ಎಂದಲ್ಲ, ಭುಜದ ಮುಂಭಾಗ ಹಿಡಿದುಕೊಂಡರೆ ಆ ದಿನ ಎಸೆತ ನಿಲ್ಲಿಸು, ಯಾರು ಬೈದರೂ ಸರಿ. ಒಂದೇ ಸಂಜೆ ಎರಡನ್ನೂ ಪೂರ್ತಿ ಅಭ್ಯಾಸ ಮಾಡಬೇಡ. ಒಂದು ದಿನ ಪಿಚಿಂಗ್, ಮರುದಿನ ಬ್ಯಾಟಿಂಗ್. ಮಳೆಗಾಲದಲ್ಲಿ ಮೈದಾನ ಕೆಸರಾದಾಗ ಚೆಂಡನ್ನು ಹಗ್ಗಕ್ಕೆ ಕಟ್ಟಿ ಶಾಲೆಯ ಜಗಲಿಯ ತೊಲೆಗೆ ಇಳಿಬಿಟ್ಟು ಹೊಡೆ. ಕಿಟಕಿ ಗಾಜಿನಿಂದ ದೂರ ಕಟ್ಟು.