‘ಹಿತ್ತಾಳೆ ಕಿವಿ’ ಯಾರಿಗೆ ಸಲ್ಲುತ್ತದೆ?

ನಮಸ್ಕಾರ. ದೂರವಾಣಿ ವಂಚಕರ ಮಾತು ನಂಬಿ ಉಳಿತಾಯದ ಹಣವನ್ನೆಲ್ಲ ಕಳೆದುಕೊಂಡ ವೃದ್ಧರನ್ನು ನಿಮ್ಮ ಕಥೆಯಲ್ಲಿ ‘ಹಿತ್ತಾಳೆ ಕಿವಿಯ ಮನುಷ್ಯ’ ಎಂದು ಕರೆದಿದ್ದೀರಿ. ಈ ಪ್ರಯೋಗ ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಹಿತ್ತಾಳೆ ಕಿವಿ ಎಂದರೆ ಹೇಳಿದ್ದನ್ನೆಲ್ಲ ನಂಬುವ ಸ್ವಭಾವ ಎಂಬುದು ನಿಜವಾದರೂ, ಅಲ್ಲಿ ನಂಬುವ ಮಾತು ಬಹುಮಟ್ಟಿಗೆ ಇನ್ನೊಬ್ಬರ ಮೇಲಿನ ಚಾಡಿಯಾಗಿರುತ್ತದೆ. ಕಿವಿ ಊದುವವನೊಬ್ಬ, ಕೇಳಿ ನಂಬುವವನೊಬ್ಬ, ತನ್ನ ಪರವಾಗಿ ಮಾತಾಡಲು ಅಲ್ಲಿಲ್ಲದ ಮೂರನೆಯವನೊಬ್ಬ, ಹೀಗೆ ಮೂವರು ಸೇರಿದಾಗಲೇ ಈ ನುಡಿಗಟ್ಟಿಗೆ ಪೂರ್ಣ ಅರ್ಥ ಬರುತ್ತದೆ. ನಷ್ಟವಾಗುವುದು ಸಾಮಾನ್ಯವಾಗಿ ಆ ಮೂರನೆಯವನಿಗೆ. ಆದುದರಿಂದಲೇ ಇದನ್ನು ದೊರೆ, ಮೇಲಧಿಕಾರಿ, ಮನೆಯ ಯಜಮಾನ ಮುಂತಾಗಿ, ಯಾರ ನಂಬಿಕೆಯಿಂದ ಇತರರ ಬದುಕು ಏರುಪೇರಾಗಬಲ್ಲದೋ ಅಂಥವರ ಬಗ್ಗೆ ಹೆಚ್ಚಾಗಿ ಹೇಳುತ್ತೇವೆ. ಮಂಥರೆಯ ಮಾತಿಗೆ ಕಿವಿಗೊಟ್ಟ ಕೈಕೇಯಿ ಇದಕ್ಕೆ ತಕ್ಕ ಉದಾಹರಣೆ: ನಂಬಿದವಳು ಅವಳು, ಕಾಡಿಗೆ ಹೋದವನು ರಾಮ. “ಸಾಹೇಬರು ಒಳ್ಳೆಯವರೇ, ಆದರೆ ಹಿತ್ತಾಳೆ ಕಿವಿ” ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಆ ‘ಆದರೆ’ಯನ್ನು ಗಮನಿಸಿ, ಅದರಲ್ಲಿ ಬುದ್ಧಿಯ ಕೊರತೆಯ ಆರೋಪವಿಲ್ಲ, ವಿಚಾರಿಸದೆ ತೀರ್ಮಾನಕ್ಕೆ ಬರುವರೆಂಬ ದೂರಿದೆ.

ಬಳಕೆಯಲ್ಲಿ ‘ಅವರದು ಹಿತ್ತಾಳೆ ಕಿವಿ’, ‘ಹಿತ್ತಾಳೆ ಕಿವಿಯವರು’ ಎಂಬ ರೂಪಗಳು ಸಹಜ. ‘ಹಿತ್ತಾಳೆ ಕಿವಿಗಳು’ ಎಂದು ಬಹುವಚನ ಮಾಡಿದರೆ ಕೃತಕವಾಗುತ್ತದೆ.

ನಿಮ್ಮ ವೃದ್ಧರಿಗೆ ಬೇರೆ ಪದ ಬೇಕು. ‘ಪೆದ್ದ’, ‘ಬೆಪ್ಪ’ ಎಂದರೆ ಅವರ ಬುದ್ಧಿಯನ್ನೇ ಹಳಿದಂತೆ; ‘ಬಕರಾ’ ಎಂದರೆ ಮೋಸ ಮಾಡಿದವನ ಜೊತೆ ಸೇರಿ ನಾವೂ ನಕ್ಕಂತೆ, ಇದು ನನಗೆ ಒಪ್ಪಿಗೆಯಾಗದ ಮಾತು. ‘ಮುಗ್ಧ’ ಹೊಂದುತ್ತದೆ. ಸಂಸ್ಕೃತದಲ್ಲಿ ‘ಮುಗ್ಧ’, ‘ಮೂಢ’ ಎರಡೂ ಒಂದೇ ಧಾತುವಿನಿಂದ ಬಂದಿದ್ದರೂ, ಕನ್ನಡದಲ್ಲಿ ಮೊದಲನೆಯದು ಕನಿಕರಕ್ಕೂ ಎರಡನೆಯದು ನಿಂದೆಗೂ ಮೀಸಲಾಗಿವೆ. ಮರುಳಾದ ಎಂಬ ಹಳೆಯ ಅರ್ಥ ‘ಮಂತ್ರಮುಗ್ಧ’ದಲ್ಲಿ ಇಂದಿಗೂ ಉಳಿದಿದೆ. ಕಥೆಯ ಭಾಷೆ ಉತ್ತರ ಕರ್ನಾಟಕದ್ದಾದರೆ ‘ಭೋಳೆ ಸ್ವಭಾವದವರು’ ಎಂಬುದು ಇನ್ನೂ ಆಪ್ತವಾಗಿ ಕೇಳಿಸುತ್ತದೆ.

ಸ್ವಭಾವವನ್ನು ಹೆಸರಿಸದೆ ನಡೆದುದನ್ನಷ್ಟೇ ಹೇಳುವುದಾದರೆ ‘ಏಮಾರಿದರು’, ‘ಮೋಸಹೋದರು’ ಎಂದರೆ ಸಾಕು. ‘ಅವರಿಗೆ ಟೋಪಿ ಹಾಕಿದರು’ ಎಂದು ಬರೆದರೆ ವಾಕ್ಯದ ಕರ್ತೃ ವಂಚಕನೇ ಆಗುವುದರಿಂದ ತಪ್ಪಿನ ಭಾರವೂ ಅವನ ಮೇಲೆಯೇ ಬೀಳುತ್ತದೆ. ಆದರೆ ಅದು ಆಡುಮಾತಾದ್ದರಿಂದ ನಿರೂಪಣೆಗಿಂತ ಸಂಭಾಷಣೆಗೆ ಹೆಚ್ಚು ಒಗ್ಗುತ್ತದೆ.

ಹಿತ್ತಾಳೆ ಕಿವಿಯನ್ನು ನೀವು ಕೈಬಿಡಬೇಕಾಗಿಯೂ ಇಲ್ಲ. ನೆರೆಯವರ ಮಾತು ಕೇಳಿ, ತಂದೆ ಆ ಹಣವನ್ನು ಗುಟ್ಟಾಗಿ ತಂಗಿಗೆ ಕೊಟ್ಟಿರಬೇಕೆಂದು ಶಂಕಿಸುವ ಹಿರಿಯ ಮಗ ನಿಮ್ಮ ಕಥೆಯಲ್ಲಿದ್ದಾನಲ್ಲ, ಆ ಮಾತು ಸಲ್ಲುವುದು ಅವನಿಗೆ.